ಆ ಬೆಳಿಗ್ಗೆ ಮನೆಯಲ್ಲಿದ್ದವರು

ಆಸ್ಪತ್ರೆಯವರು ಫೋನ್ ಮಾಡಿದ್ದು ಬ್ಯಾಡರಹಳ್ಳಿಗೆ. ನಾನೂ ನನ್ನ ಮಗಳೂ ಇದ್ದದ್ದು ಕೆಂಗೇರಿ ಉಪನಗರದಲ್ಲಿ, ನನ್ನ ಮನೆಯಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಸೀಮಂತ ಮುಗಿದ ಮೇಲೆ ಅವಳನ್ನು ಕರೆದುಕೊಂಡು ಬಂದಿದ್ದೆ. ಆದರೆ ತಾಯಿ ಕಾರ್ಡಿನಲ್ಲೂ ಆಸ್ಪತ್ರೆಯ ಫೈಲಿನಲ್ಲೂ ಬರೆಸಿದ್ದು ಗಂಡನ ಮನೆಯ ವಿಳಾಸ, ಅಳಿಯನ ಫೋನ್ ನಂಬರು. ಹಾಗಾಗಿ ನನ್ನ ಮೊಮ್ಮಗಳ ಸಾವಿನ ಬಗ್ಗೆ ಆಸ್ಪತ್ರೆಯವರು ಒಂದು ಸಭೆ ಇಟ್ಟುಕೊಂಡಾಗ, ಮನೆಯವರು ಬಂದು ಮಾತಾಡಬಹುದು ಎಂಬ ಕರೆ ಹೋದದ್ದು ಬೀಗರ ಮನೆಗೆ.

ಮಗು ಹೋದರೆ ಡಾಕ್ಟರುಗಳೆಲ್ಲ ಕೂತು ಏನಾಯಿತು, ಯಾಕಾಯಿತು, ಎಲ್ಲಿ ಎಡವಿದೆವು ಎಂದು ಮಾತಾಡುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ರಿಟೈರಾದವಳು. ಡಿಪೋದಲ್ಲಿ ಎನ್‌ಕ್ವೈರಿ ಎಂದರೆ ತಪ್ಪನ್ನು ಯಾರ ತಲೆಗೆ ಕಟ್ಟಬೇಕು ಎಂದು ಹುಡುಕುವ ಕೆಲಸ. ಸಾಮಾನ್ಯವಾಗಿ ಆ ತಲೆ ನಮ್ಮದೇ ಆಗಿರುತ್ತಿತ್ತು. ಆಸ್ಪತ್ರೆಯದೂ ಅಂಥದ್ದೇ ಇರಬೇಕು, ನಮಗ್ಯಾಕೆ ಅದರ ಸಹವಾಸ ಎಂದು ಮೊದಲು ಅಂದುಕೊಂಡೆ.

ಸಭೆಗೆ ಹೋದವರು ಮೂರು ಜನ ಗಂಡಸರು. ಬೀಗರು, ಅವರ ತಮ್ಮ, ನನ್ನ ಅಳಿಯ. ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಗಂಡಿನ ಕಡೆಯವರು ಮಾತಾಡುವ ಜಾಗದಲ್ಲಿ ಹೆಣ್ಣಿನ ಕಡೆಯವರು ಮುಂದೆ ಬಿದ್ದು ಬಾಯಿ ಹಾಕುವುದು ನಮ್ಮಲ್ಲಿ ಮರ್ಯಾದೆಯಲ್ಲ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕೇಳುವಂತೆ ಕೂಗುತ್ತಿದ್ದ ನಾನು ಬೀಗರೆದುರು ಮಾತ್ರ ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಮಗಳನ್ನು ಕೊಟ್ಟ ಮೇಲೆ ಎಂಥ ಗಟ್ಟಿಗಿತ್ತಿಯ ದನಿಯೂ ಅರ್ಧಕ್ಕಿಳಿಯುತ್ತದೆ.

ಬೀಗರು ಕೆಟ್ಟವರಲ್ಲ. ಬ್ಯಾಡರಹಳ್ಳಿಯ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಬಾಡಿಗೆ ಮನೆಗಳ ಸಾಲು. ಪಂಚಾಯಿತಿಯಲ್ಲಿ ಓಡಾಡಿದವರು, ನಾಲ್ಕು ಜನರ ಜಗಳ ಕೂತು ಬಗೆಹರಿಸಿದವರು. ಅವರ ಮಾತಿಗೆ ಊರಲ್ಲಿ ಬೆಲೆಯಿದೆ. ಆಸ್ಪತ್ರೆಯಿಂದ ಅವರು ನೇರ ನಮ್ಮ ಮನೆಗೇ ಬಂದರು. ನಾನು ಕಾಫಿ ಕೊಟ್ಟೆ. ಮಗಳು ಒಳಕೋಣೆಯಲ್ಲಿ ಮಲಗಿದ್ದಳು, ಬಾಗಿಲು ಅರ್ಧ ಮುಚ್ಚಿತ್ತು.

"ಚೆನ್ನಾಗ್ ಮಾತಾಡುದ್ರಮ್ಮ," ಎಂದರು ಬೀಗರು. "ದೊಡ್ಡ ದೊಡ್ಡ ಡಾಕ್ಟ್ರುಗಳೆಲ್ಲಾ ಇದ್ರು. ಎಲ್ಲಾ ವಿಚಾರಿಸುದ್ರು. ಯಾವಾಗಿಂದ ಮಗು ಆಡ್ಲಿಲ್ಲ, ಯಾವಾಗ ಹೊರಟ್ರಿ, ಎಲ್ಲಾ. ನಮ್ ಕಡೆಯಿಂದ ಏನೂ ದೂರಿಲ್ಲ ಸಾರ್, ಆಗಿದ್ದು ಆಗೋಯ್ತು ಅಂತ ಹೇಳಿ ಬಂದ್ವಿ."

"ಅವ್ರೇನಂದ್ರು?" ಎಂದು ಕೇಳಿದೆ.

ಅವರು ಅಳಿಯನ ಮುಖ ನೋಡಿದರು. ಅವನು ಲೋಟದೊಳಗೆ ನೋಡುತ್ತ ಕೂತಿದ್ದ. ಕೊನೆಗೆ ಬೀಗರ ತಮ್ಮನೇ ಹೇಳಿದ, "ಸ್ವಲ್ಪ ಬೇಗ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬೌದಿತ್ತೇನೋ ಅಂದ್ರು. ಮಧ್ಯಾಹ್ನದವರ್ಗೂ ಯಾಕೆ ಬಿಟ್ರಿ ಅಂದ್ರು. ಇರ್ಲಿ ಬಿಡಿ, ಯಾರ್ದೂ ತಪ್ಪಲ್ಲ."

ಒಳಗೆ ಮಂಚ ಕಿರುಗುಟ್ಟಿತು. ನನ್ನ ಮಗಳು ಎದ್ದು ಕೂತಿದ್ದಳು.

ಆ ದಿನ ಏನಾಯಿತೆಂದು ಇಲ್ಲಿ ಹೇಳಬೇಕು. ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತು, "ಅಮ್ಮ, ಇವತ್ತು ಪಾಪು ಯಾಕೋ ಸರಿಯಾಗಿ ಆಡ್ತಿಲ್ಲ ಕಣಮ್ಮ," ಎಂದಳು. ನಾನು ಒಲೆ ಆರಿಸಿ, ಆಸ್ಪತ್ರೆಗೆ ಫೋನ್ ಮಾಡು ಎಂದೆ. ಅವಳು ಸ್ಪೀಕರ್ ಹಾಕಿ ಮಾತಾಡಿದಳು, ನಾನು ಪಕ್ಕದಲ್ಲೇ ನಿಂತಿದ್ದೆ. ಅತ್ತ ಕಡೆಯ ಹೆಂಗಸಿನ ದನಿ ಮೆತ್ತಗೇ ಇತ್ತು. "ಮೇಡಂ ಆಪರೇಷನ್ ಥಿಯೇಟರಲ್ಲಿದಾರೆ. ನೀವು ತಿಂಡಿ ತಿಂದು, ಏನಾದ್ರೂ ಸಿಹಿ ಕುಡಿದು ಎಡಗಡೆ ಮಲಕ್ಕೊಳಿ. ಆಡುತ್ತೆ. ಇಲ್ಲಾಂದ್ರೆ ಸಂಜೆ ಓಪಿಡಿಗೆ ಬನ್ನಿ."

ತಿಂದಳು, ಕುಡಿದಳು, ಎಡಗಡೆ ಮಲಗಿದಳು. ಒಮ್ಮೆ ಆಡಿದ ಹಾಗಾಯಿತು ಎಂದಳು. ಆಮೇಲೆ ಇಲ್ಲ ಎಂದಳು. ಮಧ್ಯಾಹ್ನದ ಹೊತ್ತಿಗೆ ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಗಂಡನಿಗೆ ಫೋನ್ ಮಾಡೆಂದೆ. ಅಳಿಯನದು ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮಗಳು ಫೋನಿನಲ್ಲಿ ಹೇಳಿದ್ದು, "ರೀ, ಪಾಪು ಆಡ್ತಿಲ್ಲ, ಬೇಗ ಬನ್ನಿ," ಅಷ್ಟೇ. ಅವನು ಶಟರು ಎಳೆದು ಹಾಗೇ ಬಂದ. ನಾಯಂಡಹಳ್ಳಿಯ ಜಂಕ್ಷನ್ನಿನಲ್ಲಿ ಕಾರು ಟ್ರಾಫಿಕ್ಕಿನಲ್ಲಿ ಹೂತುಹೋದ ಹಾಗೆ ನಿಂತಿತು. ವಿಜಯನಗರದ ಕಡೆಯ ಆ ಆಸ್ಪತ್ರೆ ಮುಟ್ಟುತ್ತಿದ್ದಂತೆ ಅವಳನ್ನು ನೇರ ಥಿಯೇಟರಿಗೆ ಎಳೆದುಕೊಂಡು ಹೋದರು. ಹೆಣ್ಣು ಮಗು. ಉಸಿರು ಸರಿಯಿಲ್ಲವೆಂದು ಮೇಲಿನ ಮಹಡಿಯ ಎಳೆಮಕ್ಕಳ ಐಸಿಯುಗೆ ಒಯ್ದರು. ಮರುದಿನ ಬೆಳಗಾಗುವುದರೊಳಗೆ ಹೋಯಿತು.

ಮಗಳಿಗೆ ಮಗುವನ್ನು ತೋರಿಸಲಿಲ್ಲ. ಹೊಟ್ಟೆ ಕೊಯ್ದ ಬಾಣಂತಿ, ನೋಡಿದರೆ ಆ ಮುಖ ಎದೆಯಲ್ಲಿ ಕೂತುಬಿಡುತ್ತದೆ, ನೋಡದಿದ್ದರೆ ಬೇಗ ಮರೆಯುತ್ತಾಳೆ ಎಂದು ಹಿರಿಯರೆಲ್ಲ ಅಂದರು. ಗಂಡಸರು ಬಿಳಿ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ಬೀಗರಲ್ಲಿ ಉಳಿದಿದ್ದ ತುಂಡು ಜಮೀನಿನ ಬದುವಿನಲ್ಲಿ ಮಣ್ಣು ಮಾಡಿ ಬಂದರು. ನಾನು ನೋಡಿದ್ದೆ. ಆದರೆ ಮಗಳೆದುರು ಆ ಮಾತು ಎತ್ತಬಾರದೆಂದು ನನ್ನ ಬಾಯಿಗೂ ಬೀಗ ಹಾಕಿದ್ದರು.

ಇಷ್ಟರಲ್ಲಿ ಬೀಗರಿಗೆ ಗೊತ್ತಿದ್ದದ್ದು ಎಲ್ಲಿಂದ? ಮಧ್ಯಾಹ್ನ ಅಳಿಯನಿಗೆ ಫೋನ್ ಹೋದಲ್ಲಿಂದ. ಅದಕ್ಕೆ ಮೊದಲಿನದು ಅವರ ಪಾಲಿಗೆ ಇರಲೇ ಇಲ್ಲ. ಕಾಫಿ ಕೊಟ್ಟಾಗಲೂ ಅವರೆದುರು ನಾನು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವರು ಸುಳ್ಳು ಹೇಳಲಿಲ್ಲ. ತಮಗೆ ಗೊತ್ತಿದ್ದದ್ದನ್ನು ಗೌರವಸ್ಥರಂತೆ ಹೇಳಿ, ದೂರಿಲ್ಲವೆಂದು ಕೈಮುಗಿದು ಎದ್ದು ಬಂದಿದ್ದರು. ಆಸ್ಪತ್ರೆಯವರೂ ಅವರು ಹೇಳಿದ್ದನ್ನೇ ಬರೆದುಕೊಂಡಿದ್ದರು. ತಾಯಿ ತಡವಾಗಿ ಬಂದಳು.

ಅವತ್ತಿನಿಂದ ನನ್ನ ಮಗಳು ಆ ಒಂದು ಮಾತನ್ನು ಹಿಡಿದುಕೊಂಡಳು. ಬೇಗ ಬಂದಿದ್ರೆ. ಕರಿಮೆಣಸು ಬೆಳ್ಳುಳ್ಳಿ ಸಾರನ್ನ ಕಲಸಿಕೊಟ್ಟರೆ ಎರಡು ತುತ್ತು ತಿಂದು, "ಬೇಗ ಹೋಗ್ಬೇಕಾಗಿತ್ತು ಅಲ್ವಾಮ್ಮ?" ಎನ್ನುತ್ತಿದ್ದಳು. ಬೆಳಿಗ್ಗೇನೇ ಫೋನ್ ಮಾಡಿದ್ವಲ್ಲ ಎಂದರೆ, "ಫೋನ್ ಮಾಡಿ ಸುಮ್ನೆ ಮಲಗಿದ್ನಲ್ಲ. ನಂಗೆ ಗೊತ್ತಾಗ್ಬೇಕಾಗಿತ್ತು. ನನ್ ಹೊಟ್ಟೇಲೇ ಅಲ್ವಾ ಇದ್ದಿದ್ದು?" ಎನ್ನುತ್ತಿದ್ದಳು. ಕೆಲವು ದಿನಗಳಾದ ಮೇಲೆ ಇನ್ನೂ ಕೆಟ್ಟದಾಯಿತು. ಆ ಹೆಂಗಸು ನಿಜಕ್ಕೂ ಸಂಜೆ ಬನ್ನಿ ಅಂದಿದ್ದಳಾ, ಅಥವಾ ಈಗಲೇ ಬನ್ನಿ ಅಂದದ್ದನ್ನು ತಾನೇ ತಪ್ಪಾಗಿ ತಿಳಿದುಕೊಂಡೆನಾ ಎಂದು ನನ್ನನ್ನೇ ಕೇಳಲು ಶುರುಮಾಡಿದಳು.

ಮಗುವಿಲ್ಲದ ಬಾಣಂತನ ಮಾಡಿದವರಿಗೇ ಗೊತ್ತು. ಬಿಸಿನೀರು ಹಾಕಬೇಕು, ಸಾಂಬ್ರಾಣಿ ಹೊಗೆ ಹಿಡಿಯಬೇಕು, ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಕಟ್ಟಬೇಕು. ಎಲ್ಲ ಮಾಡಿದೆ. ಮೈಗೆ ಮಾತ್ರ ಮಗು ಸತ್ತದ್ದು ಗೊತ್ತಿಲ್ಲ, ಹಾಲು ಬರುತ್ತಲೇ ಇತ್ತು. ಕೆಂಗೇರಿಯ ಬಸ್ ಸ್ಟ್ಯಾಂಡ್ ಹತ್ತಿರದ ಹೂವಿನವಳಿಂದ ದಿನಾ ಬಿಡಿ ಮಲ್ಲಿಗೆ ತಂದು ಬಟ್ಟೆಯಲ್ಲಿಟ್ಟು ಅವಳ ಎದೆಗೆ ಕಟ್ಟುತ್ತಿದ್ದೆ, ಹಾಲು ಇಂಗಲಿ ಎಂದು. ಏನಮ್ಮಾ ದಿನಾ ಹೂವು, ಮನೇಲಿ ಪೂಜೆನಾ ಎಂದು ಆ ಹೂವಿನವಳು ಕೇಳಿದಾಗ ನನಗೆ ಸಿಟ್ಟೇ ಬಂತು. ಹೌದು ಎಂದು ಹೇಳಿ ಬಂದೆ. ಆಮೇಲಿಂದ ಬೇರೆ ಕಡೆ ಹೂವು ತಂದೆ.

ಮಗಳು ತನ್ನ ಮಗುವನ್ನು ತಾನೇ ಕೊಂದೆನೆಂದು ನಂಬಿಕೊಂಡು ಗಂಡನ ಮನೆಗೆ ವಾಪಸಾಗಬೇಕಿತ್ತು. ಅಲ್ಲಿ ಯಾರೂ ಬಾಯಿಬಿಟ್ಟು ಅನ್ನುವವರಲ್ಲ. ಅನ್ನದೆ ಇರುವುದೇ ನನಗೆ ಹೆದರಿಕೆಯಾಗಿತ್ತು. ಜೀವನಪೂರ್ತಿ ಆ ಮನೆಯಲ್ಲಿ ಎಲ್ಲರೂ ಅವಳನ್ನು ಕ್ಷಮಿಸುತ್ತ ಇರುತ್ತಾರೆ, ಅವಳು ಮಾಡದ ತಪ್ಪಿಗೆ. ಇದನ್ನು ನೆನೆಸಿಕೊಂಡ ದಿನವೇ ಪಕ್ಕದ ಮನೆಯಾಕೆಯನ್ನು ಮಗಳ ಜೊತೆ ಕೂರಿಸಿ, ಮೆಟ್ರೋ ಹತ್ತಿ ಅತ್ತಿಗುಪ್ಪೆಯಲ್ಲಿಳಿದು ಆಸ್ಪತ್ರೆಗೆ ಹೋದೆ.

ಕೌಂಟರಿನ ಹುಡುಗಿ ಬಿಲ್ಲಿಂಗಾ, ರಿಪೋರ್ಟಾ ಎಂದಳು. ಎರಡೂ ಅಲ್ಲ, ನನ್ನ ಮೊಮ್ಮಗಳು ಇಲ್ಲಿ ಸತ್ತಳು, ಅದರ ಬಗ್ಗೆ ಮಾತಾಡಬೇಕು ಎಂದೆ. ಮಾತು ಸ್ವಲ್ಪ ಜೋರಾಗೇ ಬಂತು. ಕೂತಿದ್ದ ಬಸುರಿಯರೆಲ್ಲ ತಿರುಗಿ ನೋಡಿದರು. ಟೈ ಕಟ್ಟಿದ ಒಬ್ಬ ಓಡಿಬಂದು, "ಬನ್ನಿ ಆಂಟಿ, ಒಳಗೆ ಕೂತ್ಕೊಳ್ಳಿ, ನೀರು ಕುಡೀರಿ," ಎಂದು ಗಾಜಿನ ಕೋಣೆಯೊಳಗೆ ಕೂರಿಸಿದ. ಗಲಾಟೆ ಮಾಡುವವರನ್ನು ಮೊದಲು ಕೂರಿಸಬೇಕು, ನೀರು ಕೊಡಬೇಕು. ನಮಗೂ ಅದೇ ಕಲಿಸಿದ್ದರು. ನೀರು ಕುಡಿದು, ಇನ್ನು ಡಾಕ್ಟರನ್ನು ಕರೆಯಪ್ಪಾ ಎಂದೆ.

ಬಂದವರು ಮಕ್ಕಳ ವಿಭಾಗದ ಹಿರಿಯ ಡಾಕ್ಟರಮ್ಮ. ಆ ಸಭೆಯನ್ನು ನಡೆಸಿದವರು ಅವರೇ. ನರೆತ ಕೂದಲು, ಕಾಟನ್ ಸೀರೆ, ಮುಖದಲ್ಲಿ ನಿದ್ದೆಗೆಟ್ಟ ಸುಸ್ತು. ನಿಂತುಕೊಂಡೇ ಹೇಳಿದರು, "ಮನೆಯವರ ಜೊತೆ ಮಾತಾಡಿ ಆಗಿದೆಯಲ್ಲಮ್ಮ. ಅವರಿಗೆ ಏನೂ ಪ್ರಶ್ನೆ ಇಲ್ಲ ಅಂದ್ರು."

"ಯಾವ ಮನೆಯವರ ಜೊತೆ ಮಾತಾಡಿದ್ರಿ ಡಾಕ್ಟ್ರೇ? ಆ ದಿನ ಬೆಳಿಗ್ಗೆ ಮನೇಲಿ ಇದ್ದಿದ್ದು ನಾನು, ನನ್ ಮಗಳು ಇಬ್ರೇ. ನಮ್ಮನ್ನ ಯಾರೂ ಕೇಳ್ಲಿಲ್ಲ."

"ಬೆಳಿಗ್ಗೆನಾ?" ಎಂದರು. ಆಗ ಕುರ್ಚಿ ಎಳೆದುಕೊಂಡು ಕೂತರು. "ಮಧ್ಯಾಹ್ನದಿಂದ ಅಂತ ಅಲ್ವಾ?"

ನಾನು ಹೇಳಿದೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ಇದು ನಮಗೆ ಗೊತ್ತಿರ್ಲಿಲ್ಲ," ಎಂದರು. ನಾನು ಜಗಳಕ್ಕೆ ತಯಾರಾಗಿ ಸೊಂಟ ಕಟ್ಟಿಕೊಂಡು ಬಂದಿದ್ದೆ. ಅವರು ಜಗಳವಾಡಲಿಲ್ಲ. ಇಷ್ಟಾದರೂ ನನಗೆ ಸಮಾಧಾನವಾಗದೆ, ನಿಮ್ಮ ಎನ್‌ಕ್ವೈರಿಯಲ್ಲಿ ತಪ್ಪು ಯಾರ ಮೇಲೆ ಹಾಕಿದ್ರಿ ಹೇಳಿ ಎಂದು ಕೇಳಿದೆ. "ಯಾರನ್ನೋ ಹಿಡೀಬೇಕು ಅಂತ ಕೂರೋದಲ್ಲಮ್ಮ ಇದು. ಇನ್ನೊಂದು ಮಗುಗೆ ಹೀಗಾಗಬಾರದು ಅಂತ ಕೂರೋದು. ಆದ್ರೆ ನಾವು ಅರ್ಧ ಕಥೆ ಕೇಳಿ ಎದ್ದುಬಿಟ್ವಿ," ಎಂದರು. ಆಮೇಲೆ, ತಾವೆಲ್ಲ ಮತ್ತೆ ಕೂರುತ್ತೇವೆ, ತಾಯಿ ಬಂದು ತಾನೇ ಹೇಳುತ್ತಾಳಾ ಎಂದು ಕೇಳಿದರು. ಬರ್ತಾಳೆ ಎಂದುಬಿಟ್ಟೆ. ಮಗಳನ್ನು ಕೇಳಿರಲಿಲ್ಲ, ಬೀಗರನ್ನಂತೂ ಕೇಳಿರಲೇ ಇಲ್ಲ.

ವಿಷಯ ತಿಳಿಸಿದಾಗ ಬೀಗರ ಮನೆಯವರೆಲ್ಲ ನಮ್ಮ ಮನೆಗೆ ಬಂದರು. ಬೀಗರಿಗೆ ಸಿಟ್ಟು ಬಂತು. ಅವರ ಸಿಟ್ಟು ಕೂಗುವ ಸಿಟ್ಟಲ್ಲ, ಎಲೆಅಡಿಕೆ ತಟ್ಟೆ ಪಕ್ಕಕ್ಕೆ ಸರಿಸುವ ಸಿಟ್ಟು. "ನೋಡಮ್ಮಾ, ನಾಕ್ ಜನ ದೊಡ್ಡವರ ಮುಂದೆ ದೂರಿಲ್ಲ ಅಂತ ಮಾತು ಕೊಟ್ಟು ಬಂದಿದೀನಿ. ಈಗ ನೀವು ಹೋಗಿ ದೂರು ಹೇಳುದ್ರೆ ನನ್ ಮಾತಿಗೇನು ಬೆಲೆ?" ಬೀಗಿತ್ತಿಗೆ ಬೇರೆ ಚಿಂತೆ. ಹಸಿ ಬಾಣಂತಿ ಹೊಸಲು ದಾಟಿ ಗಾಳಿಗೆ ಹೋಗುವುದುಂಟೇ, ಅದೂ ಮತ್ತೆ ಅದೇ ಆಸ್ಪತ್ರೆಗೆ.

ಅಲ್ಲಿಯವರೆಗೆ ನಾನು ಬೀಗರಿಗೆ ಎದುರು ಮಾತಾಡಿದವಳಲ್ಲ. "ಅಣ್ಣಾ, ನಿಮ್ ಮಾತಿಗೆ ಬೆಲೆ ಇದೆ," ಎಂದೆ. "ಆದ್ರೆ ಆ ಬೆಳಿಗ್ಗೆ ನೀವು ಇರ್ಲಿಲ್ಲ. ನೀವು ಇಲ್ದಿದ್ದ ಹೊತ್ತಿಂದೂ ನೀವೇ ಹೇಳಿ ಬಂದ್ರಿ. ನನ್ ಮಗಳು ಬೆಳಿಗ್ಗೇನೇ ಫೋನ್ ಮಾಡಿದ್ಲು. ಅವ್ರು ಸಂಜೆ ಬನ್ನಿ ಅಂದ್ರು. ಇದು ದೂರಲ್ಲ, ನಡೆದಿದ್ದು."

ಎಲ್ಲರಿಗಿಂತ ಮೊದಲು ತಲೆಯೆತ್ತಿದ್ದು ಅಳಿಯ. "ಬೆಳಿಗ್ಗೆ ಫೋನ್ ಮಾಡಿದ್ಲಾ ಅತ್ತೆ? ನಂಗ್ ಹೇಳ್ಲೇ ಇಲ್ವಲ್ಲ."

"ನೀನು ಕೇಳ್ಲಿಲ್ವಲ್ಲಪ್ಪ," ಎಂದೆ. ನಿಜವಾಗಿ ಯಾರೂ ಯಾರನ್ನೂ ಏನೂ ಕೇಳಿರಲಿಲ್ಲ. ಬಾಣಂತಿಯೆದುರು ಮಗುವಿನ ಮಾತೇ ಎತ್ತಬಾರದೆಂದು ತೀರ್ಮಾನವಾದ ಮೇಲೆ ಗಂಡ ಹೆಂಡತಿ ಊಟ ಆಯಿತಾ, ಮಾತ್ರೆ ತಗೊಂಡೆಯಾ ಎಂಬುದರಾಚೆ ಮಾತೇ ಆಡಿರಲಿಲ್ಲ. ಅವನು ಎದ್ದು ಒಳಕೋಣೆಗೆ ಹೋದ. ಎಷ್ಟೋ ಹೊತ್ತು ಬರಲಿಲ್ಲ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. "ಅಪ್ಪ, ನಾನು ಕರ್ಕೊಂಡ್ ಹೋಗ್ತೀನಿ. ನೀವೂ ಬನ್ನಿ," ಎಂದ. ಸಭೆಯ ದಿನ ಬೀಗರು ಬಿಳಿ ಪಂಚೆ ಉಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದರು.

ಕಿವಿಗೆ ಹತ್ತಿ, ತಲೆಗೆ ಉಣ್ಣೆ ಸ್ಕಾರ್ಫು, ಮೇಲೆ ಅಳಿಯನ ಸ್ವೆಟರು. ಆ ವೇಷದಲ್ಲೇ ನನ್ನ ಮಗಳು ಎ.ಸಿ. ಹಾಕಿದ ಕೋಣೆಯೊಳಗೆ ಹೋದಳು. ಹಿರಿಯ ಡಾಕ್ಟರಮ್ಮ ಅವಳನ್ನು ನೋಡಿ ಎ.ಸಿ. ಆರಿಸಲು ಹೇಳಿದರು. ಅಷ್ಟಕ್ಕೇ ಅವರ ಮೇಲೆ ನನಗೆ ಅರ್ಧ ಗೌರವ ಬಂತು. ಆಪರೇಷನ್ ಮಾಡಿದ ಹೆರಿಗೆ ಡಾಕ್ಟರು ಇದ್ದರು, ಐಸಿಯುವಿನ ಹಿರಿಯ ನರ್ಸ್ ಇದ್ದರು, ಬರೆದುಕೊಳ್ಳಲು ಒಬ್ಬರಿದ್ದರು. ಡಾಕ್ಟರಮ್ಮ ಮಗಳಿಗೆ ಹೇಳಿದರು, "ಮೊದಲಿಂದ ಹೇಳಮ್ಮ. ಅವಸರ ಏನಿಲ್ಲ. ಎಲ್ಲಿ ಬೇಕಾದ್ರೂ ನಿಲ್ಲಿಸು."

ಅವಳು ಹೇಳಿದಳು. ರವೆ ಹುರಿಯುವ ವಾಸನೆಯಿಂದ ಶುರುಮಾಡಿ ಎಲ್ಲವನ್ನೂ. ಇಷ್ಟು ದಿನ ಮನೆಯಲ್ಲಿ ತುಂಡು ತುಂಡಾಗಿ ಬಿಕ್ಕುತ್ತಿದ್ದವಳು ಅಲ್ಲಿ ಸರಾಗವಾಗಿ ಹೇಳಿದಳು. ಫೋನಿನ ಮಾತು ಬಂದಾಗ ಹೆರಿಗೆ ಡಾಕ್ಟರು, "ಆ ಕಾಲ್ ವಿಷಯ ನಂಗೆ ಯಾರೂ ತಿಳಿಸ್ಲಿಲ್ಲ. ನಾನು ಥಿಯೇಟರಲ್ಲಿದ್ದೆ," ಎಂದರು. ಕೈಯಲ್ಲಿದ್ದ ಪೆನ್ನನ್ನು ಬಿಚ್ಚುವುದು, ಮುಚ್ಚುವುದು ಮಾಡುತ್ತಿದ್ದರು.

"ನಿಮಗೆ ತಿಳಿಸಬೇಕಾಗಿತ್ತು. ಇಲ್ಲಾ ಅಲ್ಲಿದ್ದ ಬೇರೆ ಡಾಕ್ಟರಿಗಾದ್ರೂ ತಿಳಿಸಬೇಕಾಗಿತ್ತು," ಎಂದರು ಹಿರಿಯ ಡಾಕ್ಟರಮ್ಮ. ನಾನು ಬಂದು ಹೋದ ಮೇಲೆ ಅವರು ಕೌಂಟರಿನಲ್ಲಿ ವಿಚಾರಿಸಿದ್ದರಂತೆ. ಆ ಬೆಳಿಗ್ಗೆ ಫೋನ್ ಎತ್ತಿದ್ದ ಹೆಂಗಸಿಗೆ ಕರೆ ನೆನಪಿತ್ತು. ಅಂಥ ಕರೆ ಬಂದರೆ ಏನು ಹೇಳಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತನ್ನ ಬಸುರಿನಲ್ಲಿ ತನಗೆ ಯಾರೋ ಹೇಳಿದ್ದನ್ನೇ ಇವಳಿಗೂ ಹೇಳಿದ್ದಳು. ಅವಳನ್ನು ಸಿಕ್ಕಿದಲ್ಲಿ ಹಿಡಿದು ಬಯ್ಯಬೇಕೆಂದು ಎಷ್ಟೋ ದಿನದಿಂದ ಕಾದಿದ್ದ ನನಗೆ ಇದನ್ನು ಕೇಳಿ ಬಯ್ಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಆಗ ನನ್ನ ಮಗಳು ಕೇಳಿದಳು, "ಬೆಳಿಗ್ಗೇನೇ ಬಂದಿದ್ರೆ ನನ್ ಮಗು ಉಳೀತಿತ್ತಾ ಡಾಕ್ಟರ್?"

ಸುಳ್ಳಾದರೂ ಹೇಳಿ, ಇಲ್ಲ ಅನ್ನಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಉಳೀತಿತ್ತು ಅಂತ ನಾನು ಹೇಳಕ್ಕಾಗಲ್ಲಮ್ಮ," ಎಂದರು ಡಾಕ್ಟರಮ್ಮ. "ಉಳೀತಿರ್ಲಿಲ್ಲ ಅಂತಾನೂ ಹೇಳಕ್ಕಾಗಲ್ಲ. ಒಂದು ಅವಕಾಶ ಇರ್ತಿತ್ತು. ಆ ಅವಕಾಶ ಹೋಗಿದ್ದು ನಿನ್ನಿಂದ ಅಲ್ಲ. ನೀನು ಗಮನಿಸಿದೆ, ಫೋನ್ ಮಾಡಿದೆ. ತಾಯಿ ಮಾಡಬೇಕಾಗಿದ್ದು ಅಷ್ಟೇ. ಈಗಲೇ ಬಾ ಅಂತ ಹೇಳಬೇಕಾಗಿದ್ದು ನಾವು. ನಾವು ಹೇಳ್ಲಿಲ್ಲ. ಅದಕ್ಕೆ ನಿನ್ನ ಕ್ಷಮೆ ಕೇಳ್ತೀನಿ. ಹೋದ ಸಲ ನಾವು ಬರೆದಿದ್ದು ತಪ್ಪು. ನೀನು ತಡ ಮಾಡಲಿಲ್ಲ."

ಕೊನೆಯ ಮಾತನ್ನು ಅವರು ಬೀಗರ ಕಡೆ ತಿರುಗಿ ಇನ್ನೊಮ್ಮೆ ಹೇಳಿದರು. ಬೀಗರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಅಳಿಯ ಹೆಂಡತಿಯ ಕೈ ಹಿಡಿದುಕೊಂಡ. ಹಿರಿಯರೆದುರು ಅವನು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಇನ್ನೇನು ಎದ್ದೆವು ಎನ್ನುವಾಗ ಮಗಳು ಆ ನರ್ಸಿನ ಕಡೆ ತಿರುಗಿದಳು. "ಸಿಸ್ಟರ್, ರಾತ್ರಿಯೆಲ್ಲಾ ನೀವೇ ನೋಡ್ಕೊಂಡ್ರಾ? ಕೂದಲಿತ್ತಾ?"

ನರ್ಸು ಡಾಕ್ಟರಮ್ಮನ ಮುಖ ನೋಡಿದರು, ಹೇಳಲೋ ಬೇಡವೋ ಎಂದು. ಡಾಕ್ಟರಮ್ಮ ತಲೆಯಾಡಿಸಿದರು. "ಬೇಜಾನ್ ಕೂದಲು ಮೇಡಂ. ಟೋಪಿ ಹಾಕುದ್ರೆ ಹಿಂದಿನಿಂದೆಲ್ಲಾ ಆಚೆ ಬರ್ತಿತ್ತು. ಬಲಗಡೆ ಕೆನ್ನೆ ಮೇಲೆ ಒಂದು ಚಿಕ್ಕ ಗುಳಿ ಇತ್ತು. ಒಬ್ಳೇ ಇರ್ಲಿಲ್ಲ ಮೇಡಂ, ಒಂದು ನಿಮಿಷಾನೂ. ನಾನು ಪಕ್ಕದಲ್ಲೇ ಇದ್ದೆ."

ಗುಳಿಯನ್ನು ನಾನೂ ನೋಡಿದ್ದೆ. ಹೇಳದೆ ನುಂಗಿಕೊಂಡಿದ್ದೆ. ಹಿಂದಿರುಗುವಾಗ ಕಾರಿನಲ್ಲಿ ಮಗಳು ಮಗುವಿನ ಬಗ್ಗೆ ಒಂದೊಂದಾಗಿ ಕೇಳುತ್ತ ಹೋದಳು. ಕೈ ಹೇಗಿತ್ತು, ಬಣ್ಣ ಯಾರದು, ಮೂಗು ಯಾರದು. ನಾನು ಹೇಳುತ್ತ ಹೋದೆ. ಮುಂದಿನ ಸೀಟಿನಿಂದ ಬೀಗರು, "ಮೂಗು ನಮ್ಮವ್ವಂದು," ಎಂದರು. ಆ ಮಾತು ಬರುವವರೆಗೂ ಅವರೂ ಮಗುವಿನ ಮುಖ ನೋಡಿದ್ದಾರೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮಗಳು ಗಂಡನ ಮನೆಗೆ ಹೋದಳು. ನೆಂಟರೊಬ್ಬರು ಮಾತಿನ ಮಧ್ಯೆ ಸ್ವಲ್ಪ ಎಚ್ಚರವಾಗಿರಬೇಕಿತ್ತು ಅಂದಾಗ ಬೀಗರೇ, "ನನ್ ಸೊಸೆ ಬೆಳಿಗ್ಗೇನೇ ಫೋನ್ ಮಾಡಿದ್ಲು. ಆಸ್ಪತ್ರೆಯವ್ರೇ ಒಪ್ಕೊಂಡವ್ರೆ," ಎಂದು ಬಾಯಿ ಮುಚ್ಚಿಸಿದರಂತೆ. ನನ್ನ ಮಗಳು ಊಟ ಮಾಡಲು ಶುರುಮಾಡಿದಳು, ಮತ್ತೆ ತನ್ನ ಕೆಲಸಕ್ಕೂ ಹೋಗತೊಡಗಿದಳು. ಆದರೆ ನಡುನಡುವೆ ಸುಮ್ಮನೆ ಕೂತುಬಿಡುತ್ತಿದ್ದಳು. ಒಂದು ಸಲ ಮಾತ್ರ ಕೇಳಿದಳು, "ಅವ್ರು ನಂಗೆ ಸಮಾಧಾನ ಆಗ್ಲಿ ಅಂತ ಹಾಗಂದ್ರಾಮ್ಮ? ಮನೆಯವ್ರು ಗಲಾಟೆ ಮಾಡದೆ ಹೋಗ್ಲಿ ಅಂತ?"

ಆ ಪ್ರಶ್ನೆ ನನ್ನ ತಲೆಯಲ್ಲೂ ಕೊರೆಯುತ್ತಿತ್ತು. ಸಭೆಯ ಕೊನೆಯಲ್ಲಿ ಡಾಕ್ಟರಮ್ಮ ಹೇಳಿದ್ದರು, ಇನ್ನುಮೇಲೆ ಮಗು ಆಡುತ್ತಿಲ್ಲ ಎಂದು ಯಾರೇ ಫೋನ್ ಮಾಡಿದರೂ ಕೌಂಟರಿನವರು ಬುದ್ಧಿ ಹೇಳುವ ಹಾಗಿಲ್ಲ, ನೇರ ಹೆರಿಗೆ ವಾರ್ಡಿಗೆ ಕೊಡಬೇಕು ಎಂದು. ಎದುರಿಗೆ ಕೂತವರ ಕಣ್ಣೀರು ನೋಡಿ ಯಾರು ಬೇಕಾದರೂ ಏನು ಬೇಕಾದರೂ ಹೇಳುತ್ತಾರೆ. ಸ್ಟಾಪಿನಲ್ಲಿ ಬಸ್ ನಿಲ್ಲಿಸುತ್ತೇವೆ ಎಂದು ಮೇಲಿನವರು ಜನರಿಗೆ ಎಷ್ಟು ಸಲ ಮಾತು ಕೊಟ್ಟಿಲ್ಲ, ನಾವು ಎಷ್ಟು ಸಲ ನಿಲ್ಲಿಸದೆ ಹೋಗಿಲ್ಲ!

ಅವರೆಕಾಯಿ ಕಾಲ. ಒಂದು ಭಾನುವಾರ ಮಗಳು ಬಂದಿದ್ದಳು. ಹಾಲ್‌ನಲ್ಲಿ ಪೇಪರು ಹಾಸಿಕೊಂಡು ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ನಾನು ಫೋನ್ ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಆಸ್ಪತ್ರೆಗೆ ಫೋನ್ ಮಾಡಿದೆ. ಮಾಡಬಾರದ ಕೆಲಸವೆಂದು ಗೊತ್ತಿತ್ತು. ಆದರೂ ಮಾಡಿದೆ, ಇವತ್ತಿಗೂ ಬೇಕಾದರೆ ಮಾಡುತ್ತೇನೆ. "ನನ್ ಮಗಳಿಗೆ ತಿಂಗಳು ತುಂಬಿದೆ. ಬೆಳಿಗ್ಗೆಯಿಂದ ಮಗು ಆಡ್ತಿಲ್ಲ ಅಂತಾಳೆ," ಎಂದೆ.

"ಒಂದ್ ನಿಮಿಷ ಲೈನಲ್ಲಿರಿ ಅಮ್ಮಾ," ಎಂದಳು ಕೌಂಟರಿನವಳು. ತಕ್ಷಣ ಇನ್ನೊಂದು ದನಿ ಬಂತು. "ಹೆರಿಗೆ ವಾರ್ಡಿಂದ ಮಾತಾಡ್ತಾ ಇದೀನಿ. ಎಲ್ಲಿಂದ ಬರ್ಬೇಕು ನೀವು? ಕೆಂಗೇರಿನಾ? ಈಗ್ಲೇ ಹೊರಡಿ. ತಿಂಡಿ ಗಿಂಡಿ ಅಂತ ಕಾಯ್ಬೇಡಿ. ಗಾಡಿ ಇದ್ಯಾ, ಆಂಬುಲೆನ್ಸ್ ಕಳಿಸ್ಲಾ?"

ನಾನು ಫೋನ್ ಇಟ್ಟುಬಿಟ್ಟೆ. ಒಳಗೆ ಬಂದು ಏನೂ ಆಗದವಳ ಹಾಗೆ ಅವರೆಕಾಳಿಗೆ ಕೈ ಹಾಕಿದೆ. ಫೋನ್ ರಿಂಗಾಯಿತು. ಅದೇ ನಂಬರು. ಕಟ್ ಮಾಡಿದೆ. ಮತ್ತೆ ರಿಂಗಾಯಿತು.

"ಯಾರಮ್ಮ ಅದು?" ಎಂದಳು ಮಗಳು.

ನನಗೆ ಸುಳ್ಳು ಹೊಳೆಯಲಿಲ್ಲ, ಇದ್ದದ್ದನ್ನು ಹೇಳಿದೆ. ಅವಳ ಮುಖ ಬಿಳಿಚಿತು. ಬಯ್ಯುತ್ತಾಳೆ ಅಂದುಕೊಂಡೆ. ಅವಳು ಲಂಗಕ್ಕೆ ಕೈ ಒರೆಸಿಕೊಂಡು, ರಿಂಗಾಗುತ್ತಲೇ ಇದ್ದ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಅಮ್ಮಾ, ಹೊರಟ್ರಾ? ಎಲ್ಲಿದೀರಾ? ಯಾಕೆ ಕಟ್ ಮಾಡ್ತಾ ಇದೀರಾ?" ಅತ್ತ ಕಡೆಯ ದನಿ ನನಗೂ ಕೇಳಿಸುತ್ತಿತ್ತು.

"ಇಲ್ಲಿಂದ ಯಾರೂ ಬರ್ತಿಲ್ಲ ಸಿಸ್ಟರ್," ಎಂದಳು ನನ್ನ ಮಗಳು. "ಫೋನ್ ಮಾಡಿದ್ದು ನಮ್ಮಮ್ಮ. ಇಲ್ಲಿ ಯಾರೂ ಬಸುರಿ ಇಲ್ಲ. ನನ್ ಮಗು ನಿಮ್ಮಲ್ಲಿ ಹೋಗಿತ್ತು. ನೀವು ಏನ್ ಹೇಳ್ತೀರ ಅಂತ ನೋಡೋಕೆ ಮಾಡಿದ್ದಾರೆ. ತಪ್ಪಾಯ್ತು."

ಅತ್ತ ಕಡೆಯ ಹುಡುಗಿ, ಸಿಟ್ಟೋ ಅಳುವೋ ತಿಳಿಯದ ದನಿಯಲ್ಲಿ, "ಏನ್ ಮೇಡಂ ಇದು, ನಾವಿಲ್ಲಿ ಬೆಡ್ ರೆಡಿ ಮಾಡಿ, ಡಾಕ್ಟರ್‌ನ ಕರೆಸಿ, ಬಾಗಿಲಲ್ಲಿ ವೀಲ್‌ಚೇರ್ ಇಟ್ಕೊಂಡು ಕಾಯ್ತಾ ಇದೀವಲ್ಲ," ಎಂದಳು.

"ಬೆಡ್ ರೆಡಿ ಮಾಡಿದ್ರಾ?"

"ಮತ್ತೆ? ಮಾಡಲೇಬೇಕಲ್ವಾ?"

ಮಗಳು ಫೋನ್ ಕೆಳಗಿಟ್ಟು ಅವರೆಕಾಳಿನ ಸಿಪ್ಪೆಯ ನಡುವೆಯೇ ಕೂತಳು. ಹೆರಿಗೆಯಾದಾಗಿನಿಂದ ಅವಳು ಗಟ್ಟಿಯಾಗಿ ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗ ಅತ್ತಳು, ಪಕ್ಕದ ಮನೆಯವರು ಬಾಗಿಲು ತೆಗೆದು ನೋಡುವಷ್ಟು ಜೋರಾಗಿ. ನಾನು ಅವಳ ತಲೆಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ.

"ಬೆಡ್ ರೆಡಿ ಮಾಡಿದ್ರಂತೆ ಕಣಮ್ಮ," ಎಂದಳು.